ಕ್ಯಾಲ್ಕುಲೇಟರ್ ಪ್ರೋಗ್ರಾಂನಲ್ಲಿ ಚಿತ್ರ ಕೆಟ್ಟು ಬಂದರೆ ಎಲ್ಲಿ ಹುಡುಕಬೇಕು?

ಪ್ರೋಗ್ರಾಂ ಓಡುತ್ತದೆ, ಚಿತ್ರ ಮಾತ್ರ ಚಿತ್ರಾನ್ನ. ಇಲ್ಲವೇ ಚಿತ್ರ ಸರಿಯಾಗಿಯೇ ಬರುತ್ತದೆ, ಆದರೆ ಫೈಲ್ ದಪ್ಪವಾಗಿ ಗೆಳೆಯನ ಕ್ಯಾಲ್ಕುಲೇಟರ್ ಒಳಗೆ ಹೋಗುವುದೇ ಇಲ್ಲ. ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗೆ ಪ್ರೋಗ್ರಾಂ ಬರೆದು ಹಂಚುವವರಿಗೆ ಈ ಎರಡು ತಲೆನೋವು ಬಂದೇ ಬರುತ್ತವೆ. ಬಂದ ಕೂಡಲೇ ಎಲ್ಲರೂ ಬೈಯುವುದು ಕಂಪ್ರೆಶನ್‌ಗೆ, ಅಂದರೆ ಡೇಟಾವನ್ನು ಕುಗ್ಗಿಸಿ ಫೈಲ್ ಚಿಕ್ಕದು ಮಾಡುವ ಕೆಲಸಕ್ಕೆ. ಜೆಡ್‌ಎಕ್ಸ್7 ಎಂಬ ವಿಧಾನ ತೆಗೆದು ಜೆಡ್‌ಎಕ್ಸ್0 ಎಂಬುದನ್ನು ಹಾಕುತ್ತಾರೆ, ಅದೂ ಆಗದಿದ್ದರೆ ಇನ್ನೊಂದು. ನನ್ನ ಮಟ್ಟಿಗೆ ಕಂಪ್ರೆಶನ್ ವಿಧಾನಕ್ಕೆ ಕೈ ಹಾಕಬೇಕಾದದ್ದು ಕೊನೆಯಲ್ಲಿ. ಅದಕ್ಕಿಂತ ಮೊದಲು ಚಿತ್ರವನ್ನೇ ಅನುಮಾನಿಸಬೇಕು. ಆಮೇಲೆ ಗಾತ್ರದ ಲೆಕ್ಕ, ಆಮೇಲೆ ಕುಗ್ಗಿಸಿದ್ದನ್ನು ಮತ್ತೆ ಬಿಚ್ಚುವ ಜಾಗ.

ಕಾಸರಗೋಡು ಕಡೆ ಈ ಯಂತ್ರ ಶಾಲೆಯ ಬ್ಯಾಗಿನಲ್ಲಿ ಇರುವ ವಸ್ತುವಲ್ಲ. ಇಲ್ಲಿನ ಬೋರ್ಡ್ ಪರೀಕ್ಷೆಗೆ ಅದು ಬೇಕಾಗಿಯೂ ಇಲ್ಲ. ಗಲ್ಫ್‌ನಲ್ಲಿ ಅಮೆರಿಕನ್ ಸಿಲಬಸ್ ಓದಿದ ಮಕ್ಕಳ ಜೊತೆ ಊರಿಗೆ ಬರುತ್ತದೆ. ಹೆಚ್ಚಿನದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ, ಅಪರೂಪಕ್ಕೆ ಹಳೆಯ ಕಪ್ಪು-ಬಿಳುಪಿನ ಟಿಐ-84 ಪ್ಲಸ್. ಹಾಗಾಗಿ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಸಿಇ ಬಗ್ಗೆ. ಹಳೆಯದರ ಬಗ್ಗೆ ಕೊನೆಗೆ ಸ್ವಲ್ಪ ಉಂಟು.

ಕನ್ನಡದಲ್ಲಿ ಪ್ರೋಗ್ರಾಂ ಮಾಡುವವರಿಗೆ ಚಿತ್ರದ ಸಮಸ್ಯೆ ಇನ್ನೂ ಜಾಸ್ತಿ. ಕ್ಯಾಲ್ಕುಲೇಟರ್ ಒಳಗೆ ಕನ್ನಡ ಅಕ್ಷರ ಇಲ್ಲ. ‘ಮಂಜೇಶ್ವರ’ ಎಂದು ಪರದೆಯ ಮೇಲೆ ತೋರಿಸಬೇಕಾದರೆ ಅದನ್ನೂ ಚಿತ್ರವಾಗಿಯೇ ಹಾಕಬೇಕು. ಇಂಗ್ಲಿಷ್ ಪ್ರೋಗ್ರಾಂನಲ್ಲಿ ಒಂದೆರಡು ಚಿತ್ರ ಇದ್ದರೆ ನಮ್ಮದರಲ್ಲಿ ಪ್ರತಿ ಪದವೂ ಚಿತ್ರ. ಉದಾಹರಣೆಗೆ ಒಂದು ಊರಿನ ಕ್ವಿಜ್ ಇಟ್ಟುಕೊಳ್ಳೋಣ. ಅದರಲ್ಲಿ ಕಾಸರಗೋಡು ಜಿಲ್ಲೆಯ ನಕ್ಷೆ. ನಕ್ಷೆಯಲ್ಲಿ ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡ್ ಎಂಬ 4 ತಾಲೂಕಿಗೆ 4 ಬಣ್ಣ. ಜೊತೆಗೆ ಬೇಕಲ ಕೋಟೆಯ ಒಂದು ಫೋಟೋ, ಮತ್ತು ಊರ ಹೆಸರಿನ ಪಟ್ಟಿಗಳು.

ಮೊದಲು ಲಕ್ಷಣ ನೋಡಿ

ಚಿತ್ರ ‘ಕೆಟ್ಟಿದೆ’ ಅಂದರೆ ಸಾಲದು. ಹೇಗೆ ಕೆಟ್ಟಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಆಕಾರ ಸರಿ ಇದ್ದು ಬಣ್ಣ ಮಾತ್ರ ಅದಲು ಬದಲಾಗಿದೆಯಾ? ಹಾಗಾದರೆ ಕಂಪ್ರೆಶನ್ ನಿರಪರಾಧಿ. ಅದು ಪ್ಯಾಲೆಟ್‌ನ ತಪ್ಪು. ಸಿಇಯಲ್ಲಿ ಸಾಮಾನ್ಯವಾಗಿ ಬಳಸುವ 8 ಬಿಟ್ ವಿಧಾನದಲ್ಲಿ ಪ್ರತಿ ಪಿಕ್ಸೆಲ್ ಒಂದು ನಂಬರ್ ಅಷ್ಟೇ. ಆ ನಂಬರಿಗೆ ಯಾವ ಬಣ್ಣ ಎಂದು ಹೇಳುವುದು 256 ಬಣ್ಣಗಳ ಪ್ಯಾಲೆಟ್. ನಕ್ಷೆಗೆ ಒಂದು ಪ್ಯಾಲೆಟ್, ಫೋಟೋಗೆ ಇನ್ನೊಂದು ಮಾಡಿ, ಪ್ರೋಗ್ರಾಂನಲ್ಲಿ ಒಂದನ್ನೇ ಲೋಡ್ ಮಾಡಿದರೆ ಕೋಟೆ ಹಸಿರು, ಸಮುದ್ರ ಕೆಂಪು. ಎಲ್ಲ ಚಿತ್ರಗಳಿಗೂ ಸೇರಿ ಒಂದೇ ಪ್ಯಾಲೆಟ್ ಮಾಡಿಸಿ. ಇಲ್ಲವೇ ಚಿತ್ರ ಬದಲಾದಾಗಲೆಲ್ಲ ಅದರ ಪ್ಯಾಲೆಟ್ ಅನ್ನೂ ಬದಲಿಸಿ. ಒಂದು ಪ್ಯಾಲೆಟ್‌ಗೆ ಬೇಕಾದದ್ದು 512 ಬೈಟ್, ಜಿಪುಣತನ ಬೇಡ.

ಚಿತ್ರ ಓರೆಯಾಗಿ, ಸಾಲಿಂದ ಸಾಲಿಗೆ ಜಾರಿದಂತೆ ಕಾಣುತ್ತದೆಯಾ? ಅಗಲ ಹೊಂದಿಲ್ಲ. ಪರದೆ 320 ಪಿಕ್ಸೆಲ್ ಅಗಲ, ನೀವು ಕತ್ತರಿಸಿದ ಚಿತ್ರ 318 ಇದ್ದಿರಬಹುದು. ಪ್ರತಿ ಸಾಲಿನಲ್ಲೂ 2 ಪಿಕ್ಸೆಲ್ ಕೊರತೆ, ಅದು ಕೂಡುತ್ತಾ ಹೋಗುತ್ತದೆ.

ಪರದೆ ತುಂಬ ಬಣ್ಣದ ಮರಳು ಚೆಲ್ಲಿದ ಹಾಗೆ ಇದ್ದರೆ ಮಾತ್ರ ಕಂಪ್ರೆಶನ್ ಕಡೆ ನೋಡಬೇಕು. ಒಂದೋ ಕುಗ್ಗಿಸಿದ ಡೇಟಾವನ್ನು ಬಿಚ್ಚದೆ ಹಾಗೆಯೇ ಪರದೆಗೆ ಸುರಿದಿದ್ದೀರಿ, ಅಥವಾ ಒಂದು ವಿಧಾನದಲ್ಲಿ ಕುಗ್ಗಿಸಿ ಇನ್ನೊಂದರಲ್ಲಿ ಬಿಚ್ಚುತ್ತಿದ್ದೀರಿ. ಎರಡನೆಯದು ಹಂಚುವಾಗ ಬಹಳ ಆಗುತ್ತದೆ. ಚಿತ್ರಗಳು ಆಪ್‌ವಾರ್ ಎಂಬ ಡೇಟಾ ಫೈಲ್‌ನಲ್ಲಿ, ಪ್ರೋಗ್ರಾಂ ಇನ್ನೊಂದು ಫೈಲ್‌ನಲ್ಲಿ ಇರುತ್ತದಲ್ವಾ? ನೀವು ಜೆಡ್‌ಎಕ್ಸ್0ಗೆ ಬದಲಾಯಿಸಿ ಹೊಸ ಆಪ್‌ವಾರ್ ಕಳಿಸುತ್ತೀರಿ. ಗೆಳೆಯನ ಹತ್ತಿರ ಪ್ರೋಗ್ರಾಂ ಹಳೆಯದು, ಅದು ಜೆಡ್‌ಎಕ್ಸ್7 ಎಂದೇ ಬಿಚ್ಚಲು ಹೋಗುತ್ತದೆ. ಪರಿಣಾಮ ಮರಳು, ಅದೃಷ್ಟ ಕೆಟ್ಟರೆ ಕ್ಯಾಲ್ಕುಲೇಟರ್ ರಿಸೆಟ್. ಎರಡು ಫೈಲ್‌ಗಳನ್ನು ಯಾವಾಗಲೂ ಒಟ್ಟಿಗೆ ಕಳಿಸಿ. ಆಪ್‌ವಾರ್‌ನ ಮೊದಲ ಬೈಟ್‌ನಲ್ಲಿ ಒಂದು ಆವೃತ್ತಿ ನಂಬರ್ ಇಟ್ಟು ಪ್ರೋಗ್ರಾಂ ಅದನ್ನು ಪರೀಕ್ಷಿಸುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಮೇಲಿನ ಭಾಗ ಸರಿ, ಕೆಳಗಿನ ಭಾಗ ಕಸ ಎಂದಾದರೆ ಜಾಗ ಸಾಲದೆ ಬೇರೆ ಏನೋ ಅದರ ಮೇಲೆ ಬರೆದುಕೊಂಡಿದೆ. ಇದರ ಬಗ್ಗೆ ಮುಂದೆ ಬಿಚ್ಚುವ ಜಾಗದ ಮಾತು ಬಂದಾಗ ಹೇಳುತ್ತೇನೆ.

ಇನ್ನು ಉಳಿದದ್ದು ಅತಿ ಸಾಮಾನ್ಯವಾದ ಲಕ್ಷಣ. ಚಿತ್ರ ಒಟ್ಟಾರೆ ಸರಿ, ಆದರೆ ಅಕ್ಷರದ ಅಂಚಿನಲ್ಲಿ ಚುಕ್ಕೆಗಳು. ಪಾರದರ್ಶಕ ಆಗಬೇಕಾದ ಗುಲಾಬಿ ಹಿನ್ನೆಲೆ ಅಲ್ಲಲ್ಲಿ ಉಳಿದುಕೊಂಡಿದೆ. ಜೊತೆಗೆ ಫೈಲ್ ಕುಗ್ಗಬೇಕಾದಷ್ಟು ಕುಗ್ಗಿಲ್ಲ. ಈ ಮೂರೂ ಸೇರಿದರೆ ಕಂಪ್ರೆಶನ್ ಬದಲಿಸುವುದು ಸುಮ್ನೆ ಸಮಯ ಹಾಳು.

ಚಿತ್ರ ದಾರಿಯಲ್ಲೇ ಜೆಪೆಗ್ ಆಗಿರುತ್ತದೆ

ಒಬ್ಬರು ಚಿತ್ರ ಬಿಡಿಸುತ್ತಾರೆ, ಇನ್ನೊಬ್ಬರು ಪ್ರೋಗ್ರಾಂ ಬರೆಯುತ್ತಾರೆ. ಒಬ್ಬರು ಪೆರ್ಲದಲ್ಲಿ, ಇನ್ನೊಬ್ಬರು ಶಾರ್ಜಾದಲ್ಲಿ. ಚಿತ್ರ ಹೋಗುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಫೋಟೋ ಎಂದು ಕಳಿಸಿದರೆ ಅದು ಪ್ರತಿ ಪಿಕ್ಸೆಲ್ ಅನ್ನೂ ಇದ್ದ ಹಾಗೇ ಇಡುವ ಪಿಎನ್‌ಜಿ ಆಗಿ ಉಳಿಯುವುದಿಲ್ಲ, ಜೆಪೆಗ್ ಆಗಿ ಕುಗ್ಗಿ ಆಚೆ ಬರುತ್ತದೆ. ಫೋನಿನ ಪರದೆಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಸಮಸ್ಯೆ ಇರುವುದೇ ಅಲ್ಲಿ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಬೀಳದ ಸಣ್ಣ ವಿವರವನ್ನು ಬಿಟ್ಟುಬಿಡುತ್ತದೆ. ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ಇನ್ನೂ ಒರಟಾಗಿ ಇಡುತ್ತದೆ. ಬೇಕಲ ಕೋಟೆಯ ಫೋಟೋಗೆ ಇದು ಹೇಳಿ ಮಾಡಿಸಿದ ವಿಧಾನ. ನಕ್ಷೆಗೂ ಅಕ್ಷರಕ್ಕೂ ಶತ್ರು. 4 ತಾಲೂಕಿನ 4 ಬಣ್ಣ, ಒಂದು ಗೆರೆಯ ಕಪ್ಪು, ಒಂದು ಹಿನ್ನೆಲೆ, ಒಟ್ಟು 6 ಬಣ್ಣ ಇದ್ದ ನಕ್ಷೆ ಜೆಪೆಗ್ ಆಗಿ ಬಂದಾಗ ಗೆರೆಗಳ ಆಚೀಚೆ ನೂರಾರು ಬಣ್ಣ ಹುಟ್ಟಿಕೊಂಡಿರುತ್ತವೆ. ಎಲ್ಲವೂ ಮೂಲ ಬಣ್ಣಕ್ಕೆ ಹತ್ತಿರ, ಆದರೆ ಯಾವುದೂ ಅದೇ ಬಣ್ಣ ಅಲ್ಲ.

ಕಂಪ್ರೆಶನ್‌ಗೆ ಬೇಕಾದದ್ದು ‘ಹತ್ತಿರ’ ಅಲ್ಲ, ‘ಅದೇ’. ಒಂದೇ ಬಣ್ಣದ 40 ಪಿಕ್ಸೆಲ್ ಸಾಲಾಗಿ ಇದ್ದರೆ ಆರ್‌ಎಲ್‌ಇ ಎಂಬ ಸರಳ ವಿಧಾನ ಅದನ್ನು ‘ಈ ಬಣ್ಣ, 40 ಸಲ’ ಎಂದು 2 ಬೈಟ್‌ನಲ್ಲಿ ಬರೆದು ಮುಗಿಸುತ್ತದೆ. ಮಧ್ಯದಲ್ಲಿ ಒಂದೊಂದು ಪಿಕ್ಸೆಲ್ ತುಸು ಬೇರೆಯಾದರೆ ಆ ಸಾಲು ತುಂಡು ತುಂಡಾಗುತ್ತದೆ. ಪ್ರತಿ ಪಿಕ್ಸೆಲ್ ಬೇರೆ ಬೇರೆಯಾದರೆ 40 ಬೈಟ್ ಇದ್ದದ್ದು 80 ಆಗುತ್ತದೆ. ಕುಗ್ಗಿಸಲು ಹೋಗಿ ಉಬ್ಬಿಸಿದಂತೆ! ಜೆಡ್‌ಎಕ್ಸ್7, ಜೆಡ್‌ಎಕ್ಸ್0 ಸ್ವಲ್ಪ ಜಾಣರು. ಹಿಂದೆ ಬಂದ ತುಣುಕು ಮತ್ತೆ ಬಂದರೆ ಗುರುತಿಸಿ ‘ಅಲ್ಲಿಂದ ನಕಲು ಮಾಡು’ ಎನ್ನುತ್ತವೆ. ಆದರೆ ಅವಕ್ಕೂ ತುಣುಕು ಬೈಟ್‌ಗೆ ಬೈಟ್ ಒಂದೇ ಆಗಿರಬೇಕು.

ಗುಲಾಬಿ ಚುಕ್ಕೆಯ ಕತೆಯೂ ಇದೇ. ಪಾರದರ್ಶಕ ಎಂದು ಗುರುತಿಸಿದ್ದು ಒಂದೇ ಒಂದು ಬಣ್ಣ. ಜೆಪೆಗ್ ಆದ ಮೇಲೆ ಅಕ್ಷರದ ಪಕ್ಕದ ಗುಲಾಬಿ ಬೇರೆ ಗುಲಾಬಿ ಆಗಿರುತ್ತದೆ.

ಪರೀಕ್ಷೆ ಸುಲಭ. ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಚಿತ್ರ ತೆರೆದು ಎಷ್ಟು ಬೇರೆ ಬೇರೆ ಬಣ್ಣ ಇದೆ ಎಂದು ಎಣಿಸಿ. ಕಲರ್‌ಕ್ಯೂಬ್ ಅನಾಲಿಸಿಸ್ ಎಂಬ ಸೌಲಭ್ಯ ಅದಕ್ಕೇ ಇರುವುದು. ನಕ್ಷೆಯಲ್ಲಿ 6 ಇರಬೇಕಾದಲ್ಲಿ ಸಾವಿರ ತೋರಿಸಿದರೆ ರೋಗ ಸಿಕ್ಕಿತು. ಫೈಲ್ ಹೆಸರಿನ ಕೊನೆ ನೋಡಿ ನಂಬಬೇಡಿ. ಜೆಪೆಗ್ ಆಗಿ ಬಂದದ್ದನ್ನು ಮತ್ತೆ ಪಿಎನ್‌ಜಿ ಎಂದು ಸೇವ್ ಮಾಡಿದರೆ ಹೆಸರು ಬದಲಾಗುತ್ತದೆ, ಕೊಳೆ ಹಾಗೇ ಇರುತ್ತದೆ. ಮದ್ದು ಎಂದರೆ ಮೂಲ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಳ್ಳುವುದು. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಮೂಲ ಕಳೆದುಹೋಗಿದ್ದರೆ ಜಿಂಪ್‌ನಲ್ಲಿ ಇಂಡೆಕ್ಸ್ಡ್ ಮೋಡ್‌ಗೆ (ಪ್ಯಾಲೆಟ್ ನಂಬರಿನ ವಿಧಾನಕ್ಕೆ) ತಂದು 6 ಬಣ್ಣಕ್ಕೆ ಇಳಿಸಿ. ಅಂಚುಗಳನ್ನು ಆಮೇಲೆ ಕೈಯಲ್ಲೇ ತಿದ್ದಬೇಕಾಗುತ್ತದೆ. ಹಾಗೆ ಇಳಿಸುವಾಗ ಡಿದರಿಂಗ್ ಬೇಡ ಎಂದು ಆರಿಸುವುದು ಮರೆಯಬೇಡಿ. ಡಿದರಿಂಗ್ ಅಂದರೆ ಇಲ್ಲದ ಬಣ್ಣವನ್ನು ಚುಕ್ಕೆ ಬೆರೆಸಿ ತೋರಿಸುವ ತಂತ್ರ. ಕಣ್ಣಿಗೆ ಚೆಂದ, ಕಂಪ್ರೆಶನ್‌ಗೆ ಪುನಃ ಅದೇ ಮರಳು.

ಕನ್ನಡ ಪದಗಳಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಅಕ್ಷರ ಟೈಪ್ ಮಾಡಿ ಚಿತ್ರವಾಗಿಸುವಾಗ ಸಾಫ್ಟ್‌ವೇರ್ ಅಂಚನ್ನು ನಯ ಮಾಡಲು ಬೂದು ಪಿಕ್ಸೆಲ್‌ಗಳನ್ನು ಸೇರಿಸುತ್ತದೆ. ಈ ಆಂಟಿಅಲಿಯಾಸಿಂಗ್ ಅನ್ನು ಆಫ್ ಮಾಡಿ. 2 ಬಣ್ಣದ ಅಕ್ಷರ ಸ್ವಲ್ಪ ಮೊಂಡಾಗಿ ಕಂಡರೂ ಕ್ಯಾಲ್ಕುಲೇಟರ್ ಪರದೆಯಲ್ಲಿ ಓದಲು ಸ್ಪಷ್ಟ. ಎತ್ತರದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. 16 ಪಿಕ್ಸೆಲ್‌ನಲ್ಲಿ ‘ಕುಂಬಳೆ’ ಹೇಗೋ ಹಿಡಿಸುತ್ತದೆ, ‘ಮಂಜೇಶ್ವರ’ದ ಶ್ವ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ ಅಥವಾ ಕಲಸಿಹೋಗುತ್ತದೆ. ಅದನ್ನು ನೋಡಿ ಕಂಪ್ರೆಶನ್ ಕೆಟ್ಟಿತು ಎಂದುಕೊಳ್ಳುವವರೂ ಇದ್ದಾರೆ. 24 ಪಿಕ್ಸೆಲ್ ಇಟ್ಟರೆ ಒತ್ತಕ್ಷರಕ್ಕೂ ಉಸಿರಾಡಲು ಜಾಗ.

ಗಾತ್ರದ ಲೆಕ್ಕ

ಸಿಇ ಪರದೆ 320×240. ಪಿಕ್ಸೆಲ್‌ಗೆ ಒಂದು ಬೈಟ್ ಎಂದರೆ ಪೂರ್ತಿ ಪರದೆಯ ಒಂದು ಚಿತ್ರಕ್ಕೆ 76,800 ಬೈಟ್. ಒಂದು ಆಪ್‌ವಾರ್‌ನಲ್ಲಿ ಹಿಡಿಸುವುದು ಸುಮಾರು 64 ಕೆಬಿ. ಅಂದರೆ ಪೂರ್ತಿ ಪರದೆಯ ಚಿತ್ರ ಕುಗ್ಗಿಸದೆ ಒಂದು ಆಪ್‌ವಾರ್‌ಗೆ ಹೋಗುವುದೇ ಇಲ್ಲ. ಆರ್ಕೈವ್ ಎಂಬ ಅಳಿಯದ ಮೆಮೊರಿಯಲ್ಲಿ 3 ಎಂಬಿ ಜಾಗ ಇದೆಯಲ್ಲ ಎಂದು ವಾದ ಮಾಡಿ ಪ್ರಯೋಜನ ಇಲ್ಲ. ಮಿತಿ ಇರುವುದು ಒಂದೊಂದು ಫೈಲ್‌ಗೆ.

ಇಲ್ಲಿ ನಕ್ಷೆ ಗೆಲ್ಲುತ್ತದೆ. ಅಗಲವಾದ ಒಂದೇ ಬಣ್ಣದ ಪ್ರದೇಶಗಳು, ಪಶ್ಚಿಮಕ್ಕೆ ಪೂರ್ತಿ ನೀಲಿ ಅರಬ್ಬಿ ಸಮುದ್ರ. ಚೊಕ್ಕ ಮಾಡಿದ ನಕ್ಷೆ ಎಷ್ಟು ಕುಗ್ಗಬಹುದು ಎಂಬ ಅಂದಾಜು ಬೇಕಿದ್ದರೆ ಇಂಡೆಕ್ಸ್ಡ್ ಪಿಎನ್‌ಜಿಯ ಗಾತ್ರ ನೋಡಿ. ಪಿಎನ್‌ಜಿ ಒಳಗಿನ ಕಂಪ್ರೆಶನ್ ಕೂಡ ಹಿಂದಿನ ತುಣುಕನ್ನು ಮತ್ತೆ ಬಳಸುವ ಜಾತಿಯದೇ. ಆ ಪಿಎನ್‌ಜಿಯೇ 60 ಕೆಬಿ ಇದ್ದರೆ ಜೆಡ್‌ಎಕ್ಸ್0 ಬಂದು ಪವಾಡ ಮಾಡುವುದಿಲ್ಲ.

ಬೇಕಲ ಕೋಟೆಯ ಫೋಟೋ ಹೀಗೆ ಮಣಿಯುವುದಿಲ್ಲ. ಕೆಂಪು ಕಲ್ಲು, ಹುಲ್ಲು, ಅಲೆ, ಎಲ್ಲ ಕಡೆ ಸಣ್ಣ ಸಣ್ಣ ವ್ಯತ್ಯಾಸ. ಇದಕ್ಕೆ ಕಂಪ್ರೆಶನ್‌ಗಿಂತ ಒಳ್ಳೆಯ ಉಪಾಯ ಚಿತ್ರವನ್ನೇ ಚಿಕ್ಕದು ಮಾಡುವುದು. 160×120ಕ್ಕೆ ಇಳಿಸಿ ಪರದೆಯಲ್ಲಿ ಎರಡು ಪಟ್ಟು ದೊಡ್ಡದಾಗಿ ತೋರಿಸಿದರೆ ಮೂಲ ಗಾತ್ರವೇ 19,200 ಬೈಟ್ ಆಯಿತು, ನಾಲ್ಕನೇ ಒಂದು ಭಾಗ. ಚಿತ್ರ ಬಿಡಿಸುವ ಸಿದ್ಧ ಕೋಡ್ ಇರುವ ಗ್ರಾಫ್‌ಎಕ್ಸ್ ಲೈಬ್ರರಿಯಲ್ಲಿ ಸ್ಪ್ರೈಟ್‌ನ (ಬಿಡಿ ಚಿತ್ರದ) ಅಗಲ, ಎತ್ತರ ಒಂದೊಂದು ಬೈಟ್‌ನಲ್ಲಿ ಕೂರುತ್ತವೆ. ಅಂದರೆ 255 ಮೀರುವಂತಿಲ್ಲ. 160×120 ಅದರೊಳಗೂ ಹಿಡಿಸುತ್ತದೆ. ಸ್ವಲ್ಪ ಚೌಕ ಚೌಕ ಕಾಣುತ್ತದೆ, ನಿಜ. ಕ್ವಿಜ್‌ಗೆ ಅಷ್ಟು ಸಾಕು ಮಾರಾಯ್ರೆ.

ಕ್ಯಾಲ್ಕುಲೇಟರಿನದೇ ಭಾಷೆಯಾದ ಟಿಐ ಬೇಸಿಕ್‌ನಲ್ಲಿ ಬರೆಯುವವರಿಗೆ ಇಮೇಜ್ ವೇರಿಯಬಲ್ ಎಂಬ ಸುಲಭದ ದಾರಿ ಇದೆ. ಕಂಪ್ಯೂಟರಿನಿಂದ ಕಳಿಸುವಾಗಲೇ ಚಿತ್ರ 133×83ಕ್ಕೆ ಇಳಿಯುತ್ತದೆ, ಪಿಕ್ಸೆಲ್‌ಗೆ 2 ಬೈಟ್, ಒಟ್ಟು 22,078 ಬೈಟ್. ಕೋಟೆಗೆ ಅದು ಪರವಾಗಿಲ್ಲ. ಕನ್ನಡ ಅಕ್ಷರ ಇರುವ ಚಿತ್ರವನ್ನು ಹಾಗೆ ಹಾಕಿ ‘ಮಸುಕಾಗಿದೆ’ ಎಂದರೆ ಅದು ದೋಷ ಅಲ್ಲ, ಅದರ ಅಳತೆಯೇ ಅಷ್ಟು.

ಬಿಚ್ಚುವಾಗ ಆಗುವ ಅಪಘಾತ

ಫೈಲ್ ಚಿಕ್ಕದಾಯಿತು ಎಂದು ಖುಷಿಪಡುವ ಹೊತ್ತಿಗೆ ಇನ್ನೊಂದು ಲೆಕ್ಕ ಮರೆತುಹೋಗಿರುತ್ತದೆ. 10 ಕೆಬಿಗೆ ಕುಗ್ಗಿದ ನಕ್ಷೆ ಬಿಚ್ಚಿದಾಗ ಮತ್ತೆ 76,800 ಬೈಟ್. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂಗೆ ಓಡುವಾಗ ಬಳಸಲು ಹೀಪ್ ಎಂದು ಸಿಗುವ ಜಾಗ ಸಾಮಾನ್ಯವಾಗಿ 60 ಕೆಬಿ ಆಸುಪಾಸು. ಅಲ್ಲಿ ಜಾಗ ಕೇಳಿದರೆ ಸಿಗುವುದಿಲ್ಲ. ಸಿಕ್ಕಿತೋ ಇಲ್ಲವೋ ಎಂದು ಪರೀಕ್ಷಿಸದೆ ಬಿಚ್ಚಿದರೆ ಬರೆಯಬಾರದ ಕಡೆ ಬರೆದು ಯಂತ್ರ ಸ್ತಬ್ಧ. ರಿಸೆಟ್ ಒತ್ತಿದರೆ ‘ರ‍್ಯಾಮ್ ಕ್ಲಿಯರ್ಡ್’.

ಪರಿಹಾರ ಸರಳ. ಪರದೆಯ ಮೆಮೊರಿ 153,600 ಬೈಟ್ ಇದೆ. 8 ಬಿಟ್ ವಿಧಾನದಲ್ಲಿ ಪರದೆಗೆ ಬೇಕಾದದ್ದು ಅದರ ಅರ್ಧ ಮಾತ್ರ, ಉಳಿದರ್ಧ ಹಿಂಬದಿಯ ಬಫರ್, ಅಂದರೆ ಕಣ್ಣಿಗೆ ಕಾಣದ ಇನ್ನೊಂದು ಪರದೆ. ಆರ್ಕೈವ್‌ನಲ್ಲಿ ಇರುವ ಆಪ್‌ವಾರ್‌ನಿಂದ ನೇರವಾಗಿ ಆ ಬಫರ್‌ಗೇ ಬಿಚ್ಚಿ, ಆಮೇಲೆ ಅದನ್ನು ಮುಂದೆ ತನ್ನಿ. ಹೀಪ್ ಮುಟ್ಟುವುದೇ ಬೇಡ. ಚಿತ್ರದ ಮೇಲರ್ಧ ಸರಿ, ಕೆಳಗರ್ಧ ಕಸ ಎನ್ನುವ ದೂರು ಹೆಚ್ಚಾಗಿ ಈ ಬದಲಾವಣೆಯಲ್ಲೇ ಮಾಯ ಆಗುತ್ತದೆ.

ಪರೀಕ್ಷೆ ಮಾಡುವ ಮೊದಲು ನಿಮ್ಮ ಎಲ್ಲ ಪ್ರೋಗ್ರಾಂಗಳನ್ನು ಆರ್ಕೈವ್ ಮಾಡಿಡಿ. ಹೆಸರಿನ ಪಕ್ಕ ನಕ್ಷತ್ರ ಇದ್ದರೆ ಆರ್ಕೈವ್‌ನಲ್ಲಿದೆ ಎಂದರ್ಥ. ರ‍್ಯಾಮ್ ಅಳಿಸಿಹೋದರೂ ಅವು ಉಳಿಯುತ್ತವೆ. ಗೆಳೆಯನ ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷಿಸುವುದಾದರೆ ಅವನದ್ದನ್ನೂ. ಸ್ವಂತ ಕ್ಯಾಲ್ಕುಲೇಟರಿನಿಂದ ಆರ್‌ಒಎಂ ಫೈಲ್ (ಯಂತ್ರದ ಮೂಲ ಸಾಫ್ಟ್‌ವೇರಿನ ನಕಲು) ತೆಗೆದುಕೊಂಡಿದ್ದರೆ ಕಂಪ್ಯೂಟರಿನಲ್ಲೇ ಕ್ಯಾಲ್ಕುಲೇಟರ್ ಓಡಿಸುವ ಸಿಎಮು ಎಮ್ಯುಲೇಟರ್‌ನಲ್ಲಿ ಮೊದಲು ಓಡಿಸಿ ನೋಡುವುದು ಇನ್ನೂ ವಾಸಿ.

ಈಗ ವಿಧಾನ ಆರಿಸಿ

ಚಿತ್ರ ಚೊಕ್ಕ, ಲೆಕ್ಕ ಸರಿ, ಬಿಚ್ಚುವ ಜಾಗ ಸರಿ. ಇಷ್ಟಾದ ಮೇಲೆ ವಿಧಾನದ ಪ್ರಶ್ನೆ ಅಷ್ಟು ದೊಡ್ಡದಲ್ಲ. ಪೂರ್ತಿ ಪರದೆಯ ನಕ್ಷೆಗೆ ಜೆಡ್‌ಎಕ್ಸ್0 ಹಾಕಿ, ಸಾಮಾನ್ಯವಾಗಿ ಜೆಡ್‌ಎಕ್ಸ್7ಗಿಂತ ತುಸು ಚಿಕ್ಕದಾಗುತ್ತದೆ. ಎರಡನ್ನೂ ಮಾಡಿದ್ದು ಐನಾರ್ ಸೌಕಾಸ್. ಕುಗ್ಗಿಸುವ ಕೆಲಸ ಕಂಪ್ಯೂಟರಿನಲ್ಲಿ ನಿಧಾನವಾಗಬಹುದು, ಕ್ಯಾಲ್ಕುಲೇಟರ್‌ಗೆ ಬಿಚ್ಚುವ ಕೆಲಸ ಮಾತ್ರ. ಚಿತ್ರವನ್ನು ಕ್ಯಾಲ್ಕುಲೇಟರ್ ಡೇಟಾ ಮಾಡುವ ಕಾನ್ವ್‌ಇಮ್ಗ್ ಬಳಸುವವರು ಒಂದು ಸಾಲು ಬದಲಿಸಿದರೆ ಮುಗಿಯಿತು.

ಆಟ ನಡೆಯುವಾಗ ಮತ್ತೆ ಮತ್ತೆ ಬಿಡಿಸಬೇಕಾದ ಪಟ್ಟಿಗಳಿಗೆ, ಅಂದರೆ ಊರ ಹೆಸರುಗಳಿಗೆ, ಆರ್‌ಎಲ್‌ಇಟಿ ಒಳ್ಳೆಯದು. ಅದು ಪಾರದರ್ಶಕ ಪಿಕ್ಸೆಲ್‌ಗಳ ಸಾಲನ್ನು ಮಾತ್ರ ಕುಗ್ಗಿಸುತ್ತದೆ. ಬಿಚ್ಚುವ ಅಗತ್ಯವಿಲ್ಲದೆ ನೇರವಾಗಿ ಪರದೆಗೆ ಬಿಡಿಸಬಹುದು, ಖಾಲಿ ಜಾಗವನ್ನು ಹಾರಿಸುವುದರಿಂದ ವೇಗವೂ ಉಂಟು. ಅಕ್ಷರದ ಚಿತ್ರದಲ್ಲಿ ಖಾಲಿ ಜಾಗವೇ ಜಾಸ್ತಿ ಅಲ್ವಾ?

ಬಿಡಿ ಬಿಡಿ ಅಕ್ಷರಗಳನ್ನು ಒಂದೊಂದಾಗಿ ಜೆಡ್‌ಎಕ್ಸ್0ಗೆ ಹಾಕುವುದು ಬೇಡ. ವರ್ಣಮಾಲೆಯ 49 ಅಕ್ಷರ, 24×24 ಅಳತೆ, ಅಳತೆಯ 2 ಬೈಟ್ ಸೇರಿ ತಲಾ 578. ಒಟ್ಟು 28,322 ಬೈಟ್. ಒಂದೊಂದನ್ನೇ ಕುಗ್ಗಿಸಿದರೆ ಒಂದರಲ್ಲಿ ಇರುವ ಗುಂಡಗಿನ ತಿರುವು ಇನ್ನೊಂದರಲ್ಲೂ ಇದೆ ಎಂದು ಕಂಪ್ರೆಸರ್‌ಗೆ ಗೊತ್ತಾಗುವುದೇ ಇಲ್ಲ. ಎಲ್ಲವನ್ನೂ ಒಂದೇ ಆಪ್‌ವಾರ್‌ಗೆ ಸೇರಿಸಿ ಒಟ್ಟಿಗೆ ಕುಗ್ಗಿಸಿ, ಪ್ರೋಗ್ರಾಂ ಶುರುವಾದಾಗ ಒಮ್ಮೆ ಹೀಪ್‌ಗೆ ಬಿಚ್ಚಿಡಿ. 28 ಸಾವಿರ ಬೈಟ್ ಅಲ್ಲಿ ಹಿಡಿಸುತ್ತದೆ.

ಕೊಡುವಾಗ ಕೆಡುವುದು

ಹಂಚುವಾಗ ಜಿಪ್ ಮಾಡುವುದು ಫೈಲ್‌ಗಳನ್ನು ಒಂದು ಕಟ್ಟು ಮಾಡಲು ಮಾತ್ರ. ಜೆಡ್‌ಎಕ್ಸ್0 ಆದ ಆಪ್‌ವಾರ್ ಅನ್ನು ಜಿಪ್ ಇನ್ನೂ ಚಿಕ್ಕದು ಮಾಡುತ್ತದೆ ಎಂದು ಕಾಯುವುದು ಒಣಗಿದ ಅಡಿಕೆಯನ್ನು ಮತ್ತೆ ಅಂಗಳದಲ್ಲಿ ಹರಡಿದ ಹಾಗೆ. ಪಡೆದವರು ಜಿಪ್ ಬಿಚ್ಚಿ, ಒಳಗಿನ ಫೈಲ್‌ಗಳನ್ನು ಕ್ಯಾಲ್ಕುಲೇಟರ್‌ಗೆ ಕಳಿಸಬೇಕು ಎಂದು ಒಂದು ಸಾಲು ಕನ್ನಡದಲ್ಲಿ ಬರೆದಿಡಿ.

ಫೈಲ್ ಸರಿಯಿಲ್ಲ ಎಂದು ಕಂಪ್ಯೂಟರಿನಿಂದ ಫೈಲ್ ಕಳಿಸುವ ಟಿಐ ಕನೆಕ್ಟ್ ತಿರಸ್ಕರಿಸಿದರೆ ಒಳಗಿನ ಚಿತ್ರವನ್ನು ದೂರಬೇಡಿ. ಈ ಫೈಲ್‌ಗಳ ಆರಂಭದಲ್ಲಿ ಒಂದು ಗುರುತು, ಕೊನೆಯಲ್ಲಿ 2 ಬೈಟ್‌ನ ಚೆಕ್‌ಸಮ್ (ತಾಳೆ ನೋಡಲು ಬೈಟ್‌ಗಳ ಮೊತ್ತ) ಇರುತ್ತದೆ. ಯಾರೋ ಕುತೂಹಲಕ್ಕೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಸೇವ್ ಒತ್ತಿದರೆ ಸಾಕು, ಬೈಟ್‌ಗಳು ಬದಲಾಗಿ ಮೊತ್ತ ತಪ್ಪುತ್ತದೆ. ಕಳಿಸಿದವರ ಕಡೆ ಮತ್ತು ಪಡೆದವರ ಕಡೆ ಫೈಲ್ ಗಾತ್ರ ಬೈಟ್ ಲೆಕ್ಕದಲ್ಲಿ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಮತ್ತೆ ತರಿಸಿ.

ಫೈಲ್ ಹೋಯಿತು, ಪ್ರೋಗ್ರಾಂ ಶುರುವಿನಲ್ಲೇ ಲೈಬ್ರರಿ ಇಲ್ಲ ಎಂದಿತು ಎಂದರೆ ಸಿ ಲೈಬ್ರರಿಗಳ ಗುಂಪನ್ನು ಕಳಿಸಲು ಮರೆತಿದ್ದೀರಿ. ಅದೆಲ್ಲ ಇದ್ದೂ ಪ್ರೋಗ್ರಾಂ ಓಡದಿದ್ದರೆ ಕ್ಯಾಲ್ಕುಲೇಟರಿನ ಓಎಸ್ ನೋಡಿ. 2020ರಿಂದೀಚೆಗೆ ಟಿಐ ಹೊಸ ಓಎಸ್‌ಗಳಲ್ಲಿ ಸಿ ಮತ್ತು ಅಸೆಂಬ್ಲಿ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚಿದೆ. ಅಲ್ಲಿ ಚಿತ್ರದ ಮಾತೇ ಬರುವುದಿಲ್ಲ.

ಹಳೆಯ ಕಪ್ಪು-ಬಿಳುಪು ಯಂತ್ರ

ಟಿಐ-84 ಪ್ಲಸ್ ಪರದೆ 96×64, ಪಿಕ್ಸೆಲ್‌ಗೆ ಒಂದು ಬಿಟ್. ಪೂರ್ತಿ ಪರದೆ 768 ಬೈಟ್. 16×16 ಸ್ಪ್ರೈಟ್ 32 ಬೈಟ್. ಅದರ ಪ್ರೊಸೆಸರ್ ಆದ ಜೆಡ್‌80ಗೆ ಬರೆದ ಜೆಡ್‌ಎಕ್ಸ್0 ಬಿಚ್ಚುವ ಕೋಡ್ ಅತಿ ಚಿಕ್ಕ ರೂಪದಲ್ಲೇ 70 ಬೈಟ್ ಹತ್ತಿರ. ಎರಡು ಸ್ಪ್ರೈಟ್‌ಗಿಂತ ಹೆಚ್ಚು ಜಾಗ ಅದಕ್ಕೇ ಹೋಯಿತು. ಹತ್ತಾರು ಪೂರ್ತಿ ಪರದೆಗಳಿದ್ದರೆ ಕುಗ್ಗಿಸಿ, ಒಂದೇ ಶೀರ್ಷಿಕೆ ಚಿತ್ರ ಇದ್ದರೆ ಹಾಗೇ ಬಿಡಿ.

ಬೇಸಿಕ್‌ನಲ್ಲಿ ಪಿಕ್ ವೇರಿಯಬಲ್ ಬಳಸಿ ಹಂಚುವವರು ಒಂದು ವಿಷಯ ಗಮನಿಸಬೇಕು. ಪಿಕ್‌ಗೆ ಇರುವುದು 10 ಜಾಗ ಮಾತ್ರ. ನಿಮ್ಮ ನಕ್ಷೆ ಪಿಕ್1ರಲ್ಲಿ ಇದ್ದು ಗೆಳೆಯನ ಪಿಕ್1ರಲ್ಲಿ ಅವನ ಚಿತ್ರ ಇದ್ದರೆ ಒಂದು ಹೋಗಿ ಇನ್ನೊಂದು ಕೂರುತ್ತದೆ. ಆಮೇಲೆ ಅವನ ಬೇರೆ ಪ್ರೋಗ್ರಾಂನಲ್ಲಿ ಕಾಸರಗೋಡು ನಕ್ಷೆ ಕಾಣಿಸಿಕೊಂಡರೆ ಅವನು ದೂರು ಕೊಡುವುದು ‘ಚಿತ್ರ ಕೆಟ್ಟಿದೆ’ ಎಂದೇ. ಯಾವ ಪಿಕ್ ನಂಬರ್ ಬಳಸಿದ್ದೀರಿ ಎಂದು ಕಳಿಸುವಾಗಲೇ ತಿಳಿಸಿ.